ಮೂರು ಕೊಟೇಶನ್

ಶಾಲೆಯ ಬೋರ್‌ವೆಲ್ ಮೋಟಾರು ಸುಟ್ಟು ಹನ್ನೆರಡು ದಿನವಾಗಿತ್ತು. ಮೂರು ಕೊಟೇಶನ್ ಇಲ್ಲದೆ ಹೊಸದನ್ನು ಕೊಳ್ಳಬೇಕಾದರೆ, ಇದು ತುರ್ತು ಖರೀದಿ ಎಂದು ಶಾಲೆಯ ಅರ್ಜಿಯ ಮೇಲೆ ಶಿಕ್ಷಣಾಧಿಕಾರಿ ಸಹಿ ಹಾಕಬೇಕಿತ್ತು. ಪರಿಶೀಲನೆಗೆ ಬಂದ ಅವರು ಬಿಸಿಯೂಟದ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು.

“ಹೆಣ್ಮಕ್ಳು ಶೌಚಾಲಯಕ್ಕೆ ಹೋಗ್ಬೇಕಾಗುತ್ತೆ ಅಂತ ನೀರೇ ಕುಡೀತಿಲ್ಲ ಸಾರ್,” ಎಂದರು ಮುಖ್ಯ ಶಿಕ್ಷಕಿ.

“ಅದನ್ನೆಲ್ಲ ತುರ್ತು ಅಂತ ಬರೆಯೋಕಾಗಲ್ಲ ಮೇಡಂ. ಸ್ವಲ್ಪ ತಡ್ಕೊಳ್ಳೋಕೆ ಹೇಳಿ,” ಎಂದ ಅಧಿಕಾರಿ, ಅಷ್ಟರಲ್ಲೇ ಹೊಟ್ಟೆ ಹಿಡಿದುಕೊಂಡು ಶೌಚಾಲಯದತ್ತ ಓಡಿದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಕೇಳಿಸಿತು. “ಮೇಡಂ, ನಲ್ಲೀಲಿ ನೀರಿಲ್ಲ! ಬೇಗ ಒಂದು ಬಕೆಟ್ ಕಳಿಸಿ!”

ಅಡುಗೆಗೆಂದು ಹೊತ್ತು ತಂದಿದ್ದ ನೀರಿನ ಬಕೆಟ್ ಹಿಡಿದು ಹೋದ ಮುಖ್ಯ ಶಿಕ್ಷಕಿ, ಅದನ್ನು ಹೊರಗೇ ಇಟ್ಟು, ಬಾಗಿಲ ಕೆಳಗಿನ ಸಂದಿಯಿಂದ ಅರ್ಜಿಯನ್ನೂ ಪೆನ್ನನ್ನೂ ಒಳಗೆ ತಳ್ಳಿದರು.