ಎರಡನೇ ನಂಬರಿನ ವೀಕ್ಷಕ

“ನಿನ್ನೆ ಸಂಜೆ ಏಳಕ್ಕೆ ನಾನು ಫೋನ್ ಮಾಡಿದಾಗ ಯಜಮಾನರು ಆಫೀಸಿನಲ್ಲಿದ್ದಾರೆ ಅಂದಿರಿ. ಅದೇ ಹೊತ್ತಿಗೆ ಅವರು ಇಲ್ಲಿ ಕೂತು ಬೇಸ್‌ಬಾಲ್ ನೋಡುತ್ತಿದ್ದರು ಅಂತ ಈ ಪೆಟ್ಟಿಗೆ ಹೇಳುತ್ತಿದೆ,” ಎಂದರು ಓನೋಡೆರಾ ಸಾನ್. ಬೂಟು ಬಾಗಿಲಲ್ಲೇ ಬಿಟ್ಟು ಬಂದು ಮಂಡಿಯೂರಿ ಕೂತಿದ್ದ ಅವರು, ತಪ್ಪು ತಮ್ಮದೇ ಎನ್ನುವ ಹಾಗೆ ತಲೆ ಬಾಗಿಸಿ ‘ಸುಮಿಮಾಸೆನ್’ ಎಂದು ಕ್ಷಮೆ ಬೇರೆ ಕೇಳಿದರು.

ಟಿವಿಯಲ್ಲಿ ಯಾವುದನ್ನು ಎಷ್ಟು ಜನ ನೋಡುತ್ತಾರೆ ಎಂದು ಅಳೆಯುವ ಓನೋಡೆರಾ ಅವರ ಕಂಪನಿ ಟೋಕಿಯೊ ಪಕ್ಕದ ಇಚಿಕಾವಾದಲ್ಲಿದ್ದ ಅಹಲ್ಯಾಳ ಮನೆಯನ್ನು ಚೀಟಿ ಎತ್ತಿ ಆರಿಸಿ, ಟಿವಿಯ ತಲೆಯ ಮೇಲೆ ಆ ಪೆಟ್ಟಿಗೆ ಕೂರಿಸಿ ಆರು ತಿಂಗಳಾಗಿತ್ತು. ಟಿವಿ ಹಾಕಿದ ಕೂಡಲೇ ಅದು ಮಿನುಗುತ್ತಾ, ಯಾರು ಯಾರು ನೋಡುತ್ತಿದ್ದೀರಿ ಎಂದು ಕೇಳುತ್ತದೆ. ಒಂದನೇ ಬಟನ್ ಅವಳದು, ಎರಡನೆಯದು ಗಂಡ ಶ್ರೀಹರ್ಷನದು. ಕೂತವರ ಬಟನ್ ಒತ್ತಿದರೆ ಪುಟ್ಟ ದೀಪ ಹತ್ತುತ್ತದೆ, ಎದ್ದು ಹೋಗುವಾಗ ಮತ್ತೆ ಒತ್ತಿ ಆರಿಸಬೇಕು. ಅವಳು ದಿನವೂ ಎರಡನ್ನೂ ಒತ್ತುತ್ತಿದ್ದಳು.

ಶ್ರೀಹರ್ಷ ಇರುತ್ತಿದ್ದುದು ಶಿನಾಗಾವಾದ ಆಫೀಸಿನಲ್ಲಿ. ಎರಡು ಸಾವಿರ ಇಸವಿ ಹುಟ್ಟಿದ ಕೂಡಲೇ ಲೋಕದ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂದು ಹೆದರಿ, ಇಸವಿಯ ಕೊನೆಯ ಎರಡು ಸೊನ್ನೆ ಸರಿಮಾಡಲು ಮೈಸೂರಿನಿಂದ ಗಂಡಸರನ್ನು ಕರೆಸಿಕೊಂಡ ಕಾಲ ಅದು. ಸೊನ್ನೆಗಳು ಸರಿಹೋಗಲು ಇನ್ನೂ ಎರಡು ತಿಂಗಳಿತ್ತು. ಅಲ್ಲಿಯವರೆಗೆ ಅವನು ಮೊದಲ ರೈಲಿಗೆ ಹೋಗಿ ಕೊನೆಯ ರೈಲಿಗೆ ಬರುವವನು. ಅಹಲ್ಯಾಳಿಗೆ ಬೇಸ್‌ಬಾಲಿನ ತಲೆ ಬುಡ ಗೊತ್ತಿರಲಿಲ್ಲ. ಆದರೆ ಚಾಂಪಿಯನ್‌ಶಿಪ್ ಪಂದ್ಯವೆಂದರೆ ಸಾವಿರಾರು ಜನ ಒಟ್ಟಿಗೆ ಕೂಗುತ್ತಾರೆ, ಮನೆಯಲ್ಲಿ ಯಾರೋ ಇದ್ದಾರೆ ಅನಿಸುತ್ತದೆ. ಅದಕ್ಕಾಗಿಯೇ ನೋಡುತ್ತಿದ್ದಳು.

“ಈ ವರ್ಷ ಟೋಕಿಯೊ ತಂಡ ಏಳು ಪಂದ್ಯಗಳ ಫೈನಲ್‌ಗೆ ಬಂದಿಲ್ಲ,” ಎಂದರು ಓನೋಡೆರಾ. “ಫುಕುವೋಕಾದವರೂ ನಗೋಯಾದವರೂ ಆಡಿದರೆ ಇಲ್ಲಿನ ಗಂಡಸರು ತಿರುಗಿಯೂ ನೋಡುವುದಿಲ್ಲ ಅಂದುಕೊಂಡಿದ್ದೆವು. ನಿಮ್ಮ ಯಜಮಾನರು ನಾಲ್ಕು ಪಂದ್ಯವನ್ನೂ ಪೂರ್ತಿ ನೋಡಿದ್ದಾರೆ. ನಮಗೆ ಒಂದು ಮನೆ ಅಂದರೆ ಸಾವಿರಾರು ಮನೆಗಳ ಲೆಕ್ಕ, ಅಹಲ್ಯಾ ಸಾನ್. ನೀವು ಎರಡು ಒತ್ತಿದರೆ ಸಾವಿರಾರು ಗಂಡಂದಿರು ಸಂಜೆಯೇ ಮನೆಗೆ ಬಂದ ಹಾಗಾಗುತ್ತದೆ.”

“ಬಂದರೆ ಒಳ್ಳೆಯದಲ್ಲವೇ?” ಎಂದಳು ಅಹಲ್ಯಾ ತನ್ನ ಹರಕುಮುರುಕು ಜಪಾನಿಯಲ್ಲಿ. ಆಮೇಲೆ ತಲೆ ತಗ್ಗಿಸಿದಳು. “ಒಂದೇ ದೀಪ ಉರಿದರೆ ನನಗೆ ನೋಡಲು ಆಗುವುದಿಲ್ಲ.”

ಓನೋಡೆರಾ ಕೆಟ್ಟವರಲ್ಲ, ಆದರೆ ಅವರ ಮೇಲೂ ಮೇಲಿನವರಿದ್ದರು. ಇವತ್ತು ಐದನೇ ಪಂದ್ಯದ ಹೊತ್ತಿಗೂ ಫೋನ್ ಮಾಡುವುದಾಗಿ, ಇನ್ನೊಮ್ಮೆ ಹೀಗಾದರೆ ಪೆಟ್ಟಿಗೆ ತೆಗೆದುಕೊಂಡು ಹೋಗಬೇಕಾಗುವುದಾಗಿ ಹೇಳಿ ಹೊರಟರು. ಅಹಲ್ಯಾಳಿಗೆ ಭಯವಾಯಿತು. ಆ ಊರಿನಲ್ಲಿ ಮನೆಯಲ್ಲಿ ಯಾರಿದ್ದೀರಿ ಎಂದು ದಿನಾ ಕೇಳುತ್ತಿದ್ದುದು ಅದೊಂದೇ. ಅವಳು ಶಿನಾಗಾವಾಕ್ಕೆ ಫೋನ್ ಹಚ್ಚಿದಳು.

“ರೀ, ಇವತ್ತೊಂದಿನ ಆರೂವರೆಗೆ ಬನ್ನಿ. ಬೇಸ್‌ಬಾಲ್ ನೋಡೋಣ.”

“ಕ್ರಿಕೆಟ್ ನೋಡೋಕೇ ಟೈಮಿಲ್ಲ, ಬೇಸ್‌ಬಾಲಾ? ಟೆಸ್ಟಿಂಗ್ ನಡೀತಿದೆ ಕಣೇ.”

“ನೀವು ಬರದಿದ್ರೆ ಪೆಟ್ಟಿಗೆ ತಗೊಂಡು ಹೋಗ್ತಾರೆ.”

“ಹೋದ್ರೆ ಹೋಗ್ಲಿ ಬಿಡು. ಅದ್ರಿಂದ ನಮಗೇನು?”

ಅಹಲ್ಯಾ ಅತ್ತಳು. ಮದುವೆಯಾದ ಮೇಲೆ ಫೋನಿನಲ್ಲಿ ಅತ್ತಿದ್ದು ಅದೇ ಮೊದಲು. ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. “ಸರಿ, ಅಳ್ಬೇಡ. ಮ್ಯಾನೇಜರ್‌ನ ಕೇಳ್ತೀನಿ,” ಎಂದ ಶ್ರೀಹರ್ಷ.

ಹೇಳಿದ ಹೊತ್ತಿಗೆ ಬಂದೇಬಿಟ್ಟ. ಟೈ ಕೂಡ ಸಡಿಲಿಸದೆ ಸೋಫಾದ ಮೇಲೆ ಕೂತು ಪೆಟ್ಟಿಗೆಯನ್ನು ಅತ್ತಿತ್ತ ನೋಡಿದ.

“ನಂದು ಯಾವ ನಂಬರು?”

“ಎರಡು. ನೀವೇ ಒತ್ತಿ.”

ಎರಡು ದೀಪ ಹತ್ತಿದವು. ಅಹಲ್ಯಾ ಅವನಿಗೆ ಒತ್ತಿಕೊಂಡು ಕೂತಳು. ಎಷ್ಟೋ ದಿನದಿಂದ ಕೂಡಿಟ್ಟಿದ್ದ ಮಾತೆಲ್ಲ ಒಮ್ಮೆಗೇ ಬಂತು. “ಈ ಬೌಲರ್ ಇದಾನಲ್ಲ, ತಪ್ಪು ಮಾಡಿದ್ರೆ ಟೋಪೀನ ಕಣ್ಣಿಗೆ ಎಳ್ಕೊಳ್ತಾನೆ, ನೋಡಿ. ಆ ಮೂಲೇಲಿ ಕೂತಿರೋ ಅಜ್ಜಿ ನಿನ್ನೇನೂ ಬಂದಿದ್ರು. ಅವರ ಪಕ್ಕದ ಸೀಟು ನಿನ್ನೇನೂ ಖಾಲಿ ಇತ್ತು ರೀ...” ಅವನು ಹೂಂ, ಹೂಂ ಎನ್ನುತ್ತಿದ್ದ. ಮೂರನೇ ಇನಿಂಗ್ಸ್ ಮುಗಿಯುವ ಹೊತ್ತಿಗೆ ಹೂಂಗುಟ್ಟುವುದು ನಿಂತುಹೋಗಿತ್ತು.

ತಲೆ ಹಿಂದಕ್ಕೆ ಒರಗಿಸಿ, ಬಾಯಿ ತೆರೆದುಕೊಂಡು ಅವನು ನಿದ್ದೆ ಹೋಗಿದ್ದ. ಎಬ್ಬಿಸಲೆಂದು ಹೋದ ಅವಳ ಕೈ ಅವನ ಕಣ್ಣಿನ ಕೆಳಗಿನ ಕಪ್ಪು ಕಂಡು ಹಿಂದಕ್ಕೆ ಬಂತು. ಪಾಪ ಅನಿಸಿತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಟಿವಿಯ ಸದ್ದು ಕಡಿಮೆ ಮಾಡಿ ಅವನಿಗೊಂದು ಹೊದಿಕೆ ಹೊದಿಸಿದಳು. ಅಷ್ಟರಲ್ಲಿ ಫೋನ್ ರಿಂಗಾಯಿತು. ಅಹಲ್ಯಾ ಮೊದಲು ಪೆಟ್ಟಿಗೆಯ ಹತ್ತಿರ ಹೋಗಿ ಎರಡನೇ ಬಟನ್ ಒತ್ತಿ ದೀಪ ಆರಿಸಿದಳು. ಆಮೇಲೆ ಫೋನ್ ಎತ್ತಿದಳು.

“ಓನೋಡೆರಾ ಮಾತಾಡುತ್ತಿದ್ದೇನೆ. ಈಗ ಎಷ್ಟು ಜನ ನೋಡುತ್ತಿದ್ದೀರಿ?”

“ಒಬ್ಬಳೇ.”

“ಯಜಮಾನರು ಇವತ್ತೂ ಬರಲಿಲ್ಲವೇ?”

“ಬಂದಿದ್ದಾರೆ,” ಎಂದಳು ಅಹಲ್ಯಾ, ಅವನಿಗೆ ಎಚ್ಚರವಾಗದಂತೆ ದನಿ ತಗ್ಗಿಸಿ. “ಆದರೂ ನೀವು ನನ್ನೊಬ್ಬಳನ್ನೇ ಬರೆದುಕೊಳ್ಳಿ.”