ಮೊರದ ಮರೆ

"ಆ ಬತ್ತಿ ಆರಿಸಿ ಇನಾ, ನಿಮ್ಮ ದಮ್ಮಯ್ಯ!" ಎನ್ನುತ್ತ ಕೇವಾ ಅಡುಗೆಮನೆಯಿಂದ ಓಡಿಬಂದಳು. ಮುಂದಿನ ಅಂಗಳದಲ್ಲಿ, ಮಗನ ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿಟ್ಟು ಅವಳು ಇನಾ, ಅಂದರೆ ಅಮ್ಮ, ಎಂದು ಕರೆಯುವ ಅತ್ತೆ ಬಾರೆಕ್ ಕಾಲು ಚಾಚಿ ಕೂತಿದ್ದಳು. ಮನೆಯ ಹಿಂದಿನ ದಿಬ್ಬದ ಮೇಲೆ ಸುರಬಾಯ ನಗರದ ಅತಿಥಿಗಳು, ವಿರಾತ್ನೋ ದಂಪತಿ, ದೂರದರ್ಶಕ ನಿಲ್ಲಿಸಿ ಕಾಯುತ್ತಿದ್ದರು. ವಿಮಾನ ಹತ್ತಿ, ದೋಣಿ ಹತ್ತಿ ಲೆಂಬಾಟಾ ದ್ವೀಪದ ಈ ಮೂಲೆಗೆ ಅವರು ಬಂದದ್ದೇ ಕತ್ತಲೆಗಾಗಿ.

ತಪ್ಪು ಕೇವಾಳದೇ. ಅತಿಥಿಗಳಿಗೆ ದಿನ ಕೊಡುವಾಗ ಚಂದ್ರನಿಲ್ಲದ ರಾತ್ರಿಯನ್ನು ನೋಡಿದಳೇ ಹೊರತು, ಅವತ್ತು ಸತ್ತವರ ಹಬ್ಬ, ಹೋದವರು ದಾರಿ ಕಂಡು ಮನೆಗೆ ಬರಲೆಂದು ಊರಿನ ಎಲ್ಲ ಅಂಗಳದ ಸಮಾಧಿಗಳಿಗೂ ಬತ್ತಿ ಹಚ್ಚುವ ಸಂಜೆ ಎಂಬುದು ಹೊಳೆಯಲೇ ಇಲ್ಲ. ಆಮೇಲೆ ಮನೆಮನೆಗೂ ಅಲೆದು, ಈ ಸಲ ಒಂದು ದಿನ ತಡವಾಗಿ ಹಚ್ಚೋಣ ಎಂದು ಬೇಡಿಕೊಂಡಿದ್ದಳು. ಎಲ್ಲರೂ ಹೂಂ ಎಂದಿದ್ದರು. ಗಂಡ ಹೋದ ಮೇಲೆ ಅವಳ ಒಲೆ ಉರಿಯುವುದು ನಕ್ಷತ್ರ ನೋಡಲು ಬರುವವರಿಂದಲೇ ಎಂದು ಯಾರಿಗೆ ತಾನೇ ಗೊತ್ತಿಲ್ಲ?

"ನಾಳೆ ಹಚ್ಚೋಣ ಅಂತ ಊರಿಗೆಲ್ಲ ಹೇಳಿಬಂದಿದ್ದೀನಲ್ಲ ಇನಾ!"

"ಊರಿಗೆ ಹೇಳಿದೆ. ಸಮುದ್ರದಲ್ಲಿರೋನಿಗೆ ಯಾರು ಹೇಳ್ತಾರೆ?"

ಆ ಸಮಾಧಿಯೊಳಗೆ ಕೇವಾಳ ಗಂಡ ಲಾಬಾ ಇರಲಿಲ್ಲ. ತಿಮಿಂಗಿಲದ ಬೇಟೆಗೆ ಹೋದವನ ಹೆಣವೂ ಸಿಗದೆ, ಕಡಲಪಾಲಾದವರಿಗೆಲ್ಲ ಮಾಡುವಂತೆ ಒಂದು ಶಂಖವನ್ನು ಹೂತಿದ್ದರು.

"ಅವರಿಗೆ ನಕ್ಷತ್ರ ಗೊತ್ತಿತ್ತು ಇನಾ. ಅದನ್ನ ನೋಡ್ಕೊಂಡೇ ಮನೆಗೆ ಬರ್ತಿರಲಿಲ್ವಾ?"

"ನಕ್ಷತ್ರ ಊರು ತೋರಿಸ್ತದೆ ಕಣೇ. ಬಾಗಿಲು ತೋರಿಸ್ತದಾ?"

ಅಷ್ಟರಲ್ಲಿ ದಿಬ್ಬದಿಂದ ವಿರಾತ್ನೋ ಕೂಗಿದರು. "ಏನಮ್ಮಾ, ಕೆಳಗೆ ಒಂದು ಬೆಳಕು ಕಣ್ಣಿಗೆ ಹೊಡೀತಾ ಇದೆ! ಇಷ್ಟು ದೂರ ಬಂದಿದ್ದು ಇದಕ್ಕಾ?"

ಊದಿ ಆರಿಸಲೆಂದೇ ಕೇವಾ ಬಗ್ಗಿದಳು. ಊದಲಾಗಲಿಲ್ಲ. ಗಂಡನನ್ನು ತಾನೇ ಇನ್ನೊಮ್ಮೆ ಮುಳುಗಿಸಿದ ಹಾಗಾಗುತ್ತದೆ ಎನ್ನಿಸಿತು. ಜೋಳದ ಅವಲಕ್ಕಿ ಕೇರಿದ ಮೊರ ಅಲ್ಲೇ ಬಿದ್ದಿತ್ತು. ಅದನ್ನೆತ್ತಿ ಬತ್ತಿಗೂ ದಿಬ್ಬಕ್ಕೂ ನಡುವೆ ಅಡ್ಡ ನಿಲ್ಲಿಸಿದಳು.

"ಹಾಂ, ಈಗ ಸರಿಹೋಯ್ತು! ನಿಮಗೆ ಪುಣ್ಯ ಬರಲಿ!" ಮೇಲಿನಿಂದ ಸಂತೋಷದ ದನಿ ಬಂತು.

"ಕಳ್ಳಿ," ಎಂದಳು ಬಾರೆಕ್. ಬೊಚ್ಚುಬಾಯಲ್ಲಿ ನಗು ಇಣುಕಿತ್ತು. "ಹೋಗು, ನೀರಿನ ಹತ್ರದಿಂದ ಕಾಣ್ತದಾ ನೋಡ್ಕೊಂಡು ಬಾ."

ಕೇವಾ ಮರಳು ದಾಟಿ, ಮೊಣಕಾಲುದ್ದದ ನೀರಿಗಿಳಿದು ತಿರುಗಿ ನೋಡಿದಳು. ಬತ್ತಿ ಚೆನ್ನಾಗಿ ಕಾಣುತ್ತಿತ್ತು. ಪಕ್ಕದ ಅಂಗಳದಲ್ಲೂ ಒಂದು ಉರಿಯುತ್ತಿತ್ತು. ಅದರಾಚೆಗೂ, ಅದರಾಚೆಗೂ. ಹೂಂ ಎಂದವರೆಲ್ಲ ಬುಟ್ಟಿಯನ್ನೋ ಮಡಕೆಯನ್ನೋ ಮುರುಕು ಹಲಗೆಯನ್ನೋ ಮರೆಯಿಟ್ಟು, ದಿಬ್ಬಕ್ಕೆ ಬೆನ್ನು ಕೊಟ್ಟು, ಊರಿಗೆ ಊರೇ ಕಡಲ ಕಡೆಗೆ ಬೆಳಕು ಹಿಡಿದು ಕೂತಿತ್ತು.

"ಎಲ್ಲಾ ಕಳ್ಳರು," ಎಂದು ನಕ್ಕವಳಿಗೆ ಅಳುವೇ ಬಂತು. ಆಮೇಲೆ ಕಪ್ಪು ನೀರಿನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಬಾಗಿಲು ತಪ್ಪಿಸ್ಕೋಬೇಡಿ ಮತ್ತೆ. ಮೊರ ಇಟ್ಟಿರೋದು ನಮ್ಮನೆ."