ಉಸ್ತಾದರ ಮೊಳೆ

ಎರಡನೆಯ ಟ್ಯೂಬೂ ಗಾಳಿ ತುಂಬಿ ಮುಗಿಸುವಷ್ಟರಲ್ಲೇ ಚಪ್ಪಟೆಯಾಯಿತು. ಉಸ್ತಾದರು ಮತ್ತೆ ಚಕ್ರ ಬಿಚ್ಚಿ, ಟೈರಿನೊಳಗಿಂದ ಟ್ಯೂಬನ್ನು ಎಳೆದು, ಒಂದಿಷ್ಟು ಗಾಳಿ ಹೊಡೆದು ಬಕೆಟ್ಟಿನ ನೀರಿನಲ್ಲಿ ಅದ್ದಿದರು. ಎರಡು ಕಡೆ, ಪಕ್ಕಪಕ್ಕದಲ್ಲೇ, ಗುಳ್ಳೆ ಎದ್ದವು.

“ಮೊಳೆ,” ಎಂದರು.

“ಗಾಡಿ ಇನ್ನೂ ಸ್ಟ್ಯಾಂಡಿಂದ ಇಳಿದೇ ಇಲ್ವಲ್ಲಪ್ಪ,” ಎಂದಳು ಮಗಳು. ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿನ ಫೈನಲ್ಲಿಗೆ ಆಗಲೇ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಳು. ಮೊದಲ ಮೂವರಲ್ಲಿ ಬಂದರೆ ಬೈಕ್ ಕಂಪನಿಯೊಂದರವರು ತಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತೇವೆಂದು ಹೇಳಿದ್ದರು. ಉಳಿದಿದ್ದದ್ದು ಒಂದೇ ಟ್ಯೂಬು.

“ಗಾಡಿ ಇಳಿಯೋ ತನಕ ಕಾಯೋಕೆ ಮೊಳೆಗೇನು ಮರ್ಯಾದೆ ಇದೆಯಾ?” ಎಂದರು ಉಸ್ತಾದರು.

ಟೈರನ್ನು ರಿಮ್ಮಿಗೆ ಕೂರಿಸುವಾಗ ಮೀಟುವ ಲಿವರಿನ ಕೆಳಗೆ ಟ್ಯೂಬಿನ ಮಡಿಕೆ ಸಿಕ್ಕಿಕೊಂಡರೆ ಹೀಗೆ ಜೋಡಿ ತೂತು ಬೀಳುತ್ತದೆ. ಇದು ಆ ಮೈದಾನದಲ್ಲಿ ಎಲ್ಲರಿಗೂ ಗೊತ್ತು. ಗೊತ್ತು ಮಾಡಿಸಿದವರೇ ಉಸ್ತಾದರು. “ಜೋಡಿ ತೂತು ಬಿದ್ರೆ ಮೊಳೆನ ಬೈಬೇಡ, ನಿನ್ನ ಕೈನ ಬೈಕೋ,” ಎಂದು ತಲೆಗೊಂದು ಮೊಟಕಿಯೇ ಎಲ್ಲರಿಗೂ ಕಲಿಸಿದ್ದರು. ಆ ಮೊಟಕು ತಿಂದವರೇ ಈಗ ಅಕ್ಕಪಕ್ಕದ ಡೇರೆಗಳಲ್ಲಿದ್ದ ಸವಾರರು, ಮೆಕ್ಯಾನಿಕ್ಕುಗಳು. ಅಷ್ಟೇಕೆ, ಕೊರಳಿಗೆ ಸೀಟಿ ನೇತುಹಾಕಿಕೊಂಡಿದ್ದ ತೀರ್ಪುಗಾರನೂ ಅವರ ಶಿಷ್ಯನೇ. ಈ ವರ್ಷ ಉಸ್ತಾದರ ಬೆರಳುಗಳು ಅವರ ಮಾತು ಕೇಳುತ್ತಿರಲಿಲ್ಲ. ಅದು ಎಲ್ಲರಿಗೂ ಕಾಣುತ್ತಿತ್ತು.

“ಶುರು ಮಾಡೋಣ್ವಾ ಉಸ್ತಾದ್?” ಎಂದು ತೀರ್ಪುಗಾರ ಬಂದು ಕೇಳಿದ.

“ಮೈದಾನದ ತುಂಬಾ ಮೊಳೆ ಇಟ್ಕೊಂಡು ರೇಸ್ ನಡೆಸ್ತೀಯಾ? ನಿನಗೆ ಇದನ್ನೇ ಏನೋ ನಾನು ಕಲಿಸಿದ್ದು?”

ತೀರ್ಪುಗಾರ ಜೋಡಿ ತೂತನ್ನು ನೋಡಿದ, ಉಸ್ತಾದರ ಮುಖ ನೋಡಿದ, ಹಳೆಯ ಮೊಟಕು ಬಿದ್ದ ಜಾಗವನ್ನು ಸವರಿಕೊಂಡ. “ತಪ್ಪಾಯ್ತು ಉಸ್ತಾದ್. ಹುಡುಕಿಸ್ತೀನಿ,” ಎಂದು ಹೋಗಿ, ಮೊಳೆ ಸಿಗುವ ತನಕ ಫೈನಲ್ ಇಲ್ಲವೆಂದು ಮೈಕಿನಲ್ಲಿ ಸಾರಿಬಿಟ್ಟ.

ಸವಾರರೆಲ್ಲ ಮೊಣಕಾಲೂರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಪ್ರೇಕ್ಷಕರಿಗೆ ಕಾಲೆತ್ತಿಕೊಂಡು ಕೂರಲು ಹೇಳಲಾಯಿತು. ಇಲ್ಲದ ಮೊಳೆ ಎಲ್ಲಿಂದ ಸಿಗಬೇಕು? ಬಿಸಿಲು ಏರಿತು. ಕೊನೆಗೆ ಮೋಟ ಎಂಬ ಅಡ್ಡಹೆಸರಿನ ಸವಾರ ಯಾರೂ ನೋಡದ ಹಾಗೆ ಟಿಕೆಟ್ ಕೌಂಟರಿನ ಹಲಗೆಯಿಂದ ಒಂದು ಮೊಳೆ ಕಿತ್ತು ತಂದ.

“ಸಿಕ್ತು ಉಸ್ತಾದ್!”

“ತೂತು ಎರಡಿದೆ,” ಎಂದರು ಉಸ್ತಾದರು. “ಇನ್ನೊಂದೆಲ್ಲಿ?”

ಇನ್ನೊಬ್ಬ ಜಾಹೀರಾತು ಫಲಕದಿಂದ ಕಿತ್ತು ತಂದ. ಗುರುಗಳಿಗೆ ತಾನು ಮಾತ್ರ ಮೊಳೆ ತಂದುಕೊಡದೆ ಉಳಿದರೆ ಚೆನ್ನಾಗಿರುವುದಿಲ್ಲವೆಂದು ಮಿಕ್ಕವರಿಗೂ ಅನ್ನಿಸಿತು. ಕೌಂಟರ್ ಕಳಚಿ ಬಿತ್ತು, ಫಲಕ ಮಗುಚಿಕೊಂಡಿತು, ಬೆಂಚಿನ ಮೇಲೆ ಕಾಲೆತ್ತಿ ಕೂತಿದ್ದವರು ಬೆಂಚಿನ ಸಮೇತ ನೆಲಕ್ಕೆ ಬಂದರು. ತೀರ್ಪುಗಾರ ತಾನು ನಿಂತಿದ್ದ ವೇದಿಕೆಯಿಂದ ತಾನೇ ನಾಲ್ಕು ಮೊಳೆ ಕಿತ್ತು ಕಳಿಸಿದ. ವೇದಿಕೆ ಅವನ ಸಮೇತ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿತು.

“ನೋಡಿದ್ಯಾ ಮಗಳೇ? ನಾನು ಹೇಳ್ಲಿಲ್ವಾ?” ಬೊಗಸೆ ತುಂಬ ಮೊಳೆ ಹಿಡಿದು ಉಸ್ತಾದರು ಮಗುವಿನಂತೆ ನಕ್ಕರು. ಆಮೇಲೆ ಕೊನೆಯ ಟ್ಯೂಬು, ಲಿವರು ಎರಡನ್ನೂ ಕೈಗೆತ್ತಿಕೊಂಡರು.

ಮಗಳು ಕೈ ಮುಂದೆ ಚಾಚಿದಳು. “ಅಪ್ಪಾ, ಇದೊಂದನ್ನ ನಾನು ಹಾಕ್ಲಾ?”

“ಯಾಕೆ?”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ಜಗಳವಾಡಿಯಾದರೂ ಟ್ಯೂಬನ್ನು ಕಿತ್ತುಕೊಳ್ಳುತ್ತಿದ್ದಳು. ಅಪ್ಪ ನಡುಗುವ ಕೈಯನ್ನು ಟೈರಿನ ಹಿಂದೆ ಸರಿಸಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

“ಏನಿಲ್ಲ. ಸುಸ್ತಾಗಿರತ್ತೆ ಅಂತ ಕೇಳ್ದೆ.”

“ಟ್ಯೂಬ್ ಹಾಕೋಕೆ ಸುಸ್ತಾ? ನನಗಾ?”

ಲಿವರ್ ಒಳಗೆ ಹೋಯಿತು, ಬೆರಳು ಜಾರಿತು, ಟೈರು ಕೂತಿತು, ಗಾಳಿ ತುಂಬಿತು. ಹಿಂದೆಯೇ ದಾರದಷ್ಟು ತೆಳ್ಳಗೆ ಉಸ್ಸೆನ್ನುವ ಸದ್ದು. ಮಗಳಿಗೆ ಕೇಳಿಸಿತು, ಸುತ್ತ ನಿಂತಿದ್ದವರಿಗೂ ಕೇಳಿಸಿತು. ಆಯುಷ್ಯವೆಲ್ಲ ಇಂಜಿನ್ನುಗಳ ಪಕ್ಕದಲ್ಲೇ ಕಳೆದ ಉಸ್ತಾದರ ಕಿವಿಗೆ ಮಾತ್ರ ಅದು ಬೀಳಲಿಲ್ಲ. ಅವರು ಟೈರನ್ನು ತಟ್ಟಿ, “ಕಲ್ಲು ಇದ್ದ ಹಾಗಿದೆ. ಹೋಗು,” ಎಂದರು.

“ಹೂಂ ಅಪ್ಪ, ಕಲ್ಲೇ,” ಎಂದವಳು ತನ್ನ ಕಣ್ಣು ಅಪ್ಪನಿಗೆ ಕಾಣದಂತೆ ಹೆಲ್ಮೆಟ್ಟಿನ ಗಾಜನ್ನು ಇಳಿಸಿಕೊಂಡಳು.

ಸಾಲಿಗೆ ಬಂದು ನಿಲ್ಲುವ ಹೊತ್ತಿಗೆ ಅವಳ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ಎಡಬಲದ ಸವಾರರು ಆ ಚಕ್ರವನ್ನು ನೋಡಿದರು, ಮುಖ ಮುಖ ನೋಡಿಕೊಂಡರು. ತಿರುವಿನಲ್ಲಿ ಒಂದು ಗೇಣು ಜಾಗಕ್ಕೆ ಒಬ್ಬರನ್ನೊಬ್ಬರು ಹಳ್ಳಕ್ಕೆ ತಳ್ಳುವ ಜನ ಅವರು. ಮೋಟ ಮೊದಲು ಗಾಡಿಯಿಂದ ಇಳಿದ. ಬೂಟಿನ ದಾರ ಬಿಗಿಮಾಡುವವನಂತೆ ಬಗ್ಗಿ, ತನ್ನದೇ ಗಾಡಿಯ ಹಿಂದಿನ ಚಕ್ರದ ವಾಲ್ವಿನ ಮುಚ್ಚಳ ತಿರುಗಿಸಿ, ಒಳಗಿನ ಪಿನ್ನನ್ನು ಒತ್ತಿ ಹಿಡಿದ. ಪಕ್ಕದವನೂ ಬಗ್ಗಿದ. ಅವನಾಚೆಯವನೂ ಬಗ್ಗಿದ. ಸಾಲಿಗೆ ಸಾಲೇ ಉಸ್ಸೆಂದಿತು.

ಎತ್ತಿದ ಸೀಟಿಯನ್ನು ಬಾಯಿಗಿಡದೆ, ಕೊನೆಯ ಟೈರು ಚಪ್ಪಟೆಯಾಗುವ ತನಕ ತೀರ್ಪುಗಾರ ಕಾದ.

ವಾಲಿದ ವೇದಿಕೆಗೆ ಒರಗಿ ನಿಂತಿದ್ದ ಉಸ್ತಾದರು, ಮೊಳೆ ತುಂಬಿದ ಜೇಬನ್ನು ತಟ್ಟಿಕೊಂಡು ಅವನಿಗೆ ಹೇಳಿದರು: “ನೋಡ್ಕೋ, ಇವತ್ತು ಒಬ್ಬರಿಗಾದ್ರೂ ಪಂಕ್ಚರ್ ಆದ್ರೆ ನನ್ನ ಕೇಳು.”